ಪಾಡ್‌ಕಾಸ್ಟ್ ಬರಹ ರೂಪ | ಸೂಜಿ ಚುಚ್ಚೋ ಮೊದಲು ಯಾವ ಹಾಡು?

ಬಸ್ಸಲ್ಲಿ ನಿಂತ್ಕೊಂಡು ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೂ, ಆಫೀಸಲ್ಲಿ ಸದ್ದಿಲ್ಲದೆ ಈ ಬರಹ ರೂಪ ಓದ್ತಿರೋರಿಗೂ ಸ್ವಾಗತ. ಇವತ್ತಿನ ವಿಷಯ ಮ್ಯೂಸಿಕ್ ಥೆರಪಿ. ವರ್ಷಗಟ್ಟಲೆ ಕಾಯಿಲೆ ಜೊತೆ ಬದುಕೋ ಹದಿಹರೆಯದ ಹುಡುಗ ಹುಡುಗಿಯರ ಆತಂಕ ಸಂಗೀತದಿಂದ ಕಡಿಮೆ ಆಗತ್ತಾ? ಆಗೋದಾದ್ರೆ ಹೇಗೆ, ಎಷ್ಟು?

ಈ ವಿಷಯ ಎತ್ತಿಕೊಳ್ಳೋಕೆ ಕಾರಣ ನನ್ನ ತಮ್ಮ. ಅವನಿಗೆ ಈಗ 17, ಸೆಕೆಂಡ್ ಪಿಯುಸಿ. ಥಲಸ್ಸೀಮಿಯಾ ಮೇಜರ್ ಇದೆ. ಅವನ ಕತೆ ಹೇಳೋಕೆ ಒಪ್ಪಿದಾನೆ, ಎರಡು ಷರತ್ತಿನ ಮೇಲೆ. ಒಂದು, ಹೆಸರು ಹೇಳಬಾರದು. ಎರಡು, ಇಡೀ ಸಂಚಿಕೆಯಲ್ಲಿ ಒಂದು ಸಲವೂ "ಪಾಪ" ಅನ್ನಬಾರದು. ಈಗ ಅಂದಿದ್ದು ಲೆಕ್ಕಕ್ಕಿಲ್ಲ.

ಥಲಸ್ಸೀಮಿಯಾ ಗೊತ್ತಿಲ್ಲದೋರಿಗೆ ಎರಡು ಮಾತು. ಅಪ್ಪ, ಅಮ್ಮ ಇಬ್ಬರೂ ಈ ಜೀನ್‌ನ ವಾಹಕರಾಗಿದ್ರೆ, ಪ್ರತಿ ಬಸುರಿನಲ್ಲೂ ಮಗುವಿಗೆ ಈ ಕಾಯಿಲೆ ಬರೋ ಸಾಧ್ಯತೆ 25%. ಬಂದರೆ ದೇಹ ಸರಿಯಾದ ಹಿಮೋಗ್ಲೋಬಿನ್ ತಯಾರಿಸೋದಿಲ್ಲ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಬೇರೆಯವರ ರಕ್ತ ಹಾಕಿಸಲೇಬೇಕು, ಜೀವನಪೂರ್ತಿ. ಮ್ಯಾಚ್ ಆಗೋ ದಾನಿ ಸಿಕ್ಕರೆ ಮೂಳೆಮಜ್ಜೆ ಕಸಿ ಮಾಡಬಹುದು. ನನ್ನದು ಮ್ಯಾಚ್ ಆಗಲಿಲ್ಲ. ಅದು ಬೇರೆ ಕತೆ, ಇನ್ನೊಂದಿನ ಹೇಳ್ತೀನಿ, ಹೇಳೋ ಧೈರ್ಯ ಬಂದಾಗ.

ರಕ್ತ ಹಾಕಿಸಿಕೊಂಡ್ರೆ ಮುಗೀತಾ? ಇಲ್ಲ. ಒಂದು ಯೂನಿಟ್ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರತ್ತೆ. ಹೆಚ್ಚಾದ ಕಬ್ಬಿಣವನ್ನ ತಾನಾಗೇ ಹೊರಗೆ ಹಾಕೋ ದಾರಿ ನಮ್ಮ ದೇಹಕ್ಕಿಲ್ಲ. ಅದು ಲಿವರ್, ಹೃದಯ, ಹಾರ್ಮೋನ್ ಗ್ರಂಥಿಗಳಲ್ಲಿ ಹೋಗಿ ಕೂತ್ಕೊಳ್ಳತ್ತೆ. ಅದನ್ನ ಹೊರಗೆ ಹಾಕೋಕೆ ದಿನಾ ಔಷಧ ಬೇಕು. ತಮ್ಮನ ವಿಷಯದಲ್ಲಿ ಅದು ಖಾಲಿ ಹೊಟ್ಟೆಯಲ್ಲಿ ನೀರಿಗೆ ಕದಡಿ ಕುಡಿಯೋ ಮಾತ್ರೆ. ಸುಣ್ಣದ ನೀರು ಕುಡಿದ ಹಾಗಿರತ್ತೆ ಅಂತಾನೆ. ಈ ಮಾತ್ರೆ ನೆನಪಿಟ್ಕೊಳ್ಳಿ, ಕತೆ ಮತ್ತೆ ಇಲ್ಲಿಗೇ ಬರತ್ತೆ.

ನಾವು ತುಮಕೂರಿನೋರು. ಮೂರು ವಾರಕ್ಕೊಂದು ಶನಿವಾರ ಬೆಳಿಗ್ಗೆ ಟ್ರೈನ್ ಹತ್ತಿ ಬೆಂಗಳೂರಿಗೆ ಬರ್ತೀವಿ. ವರ್ಷಕ್ಕೆ 17 ಸಲ. ಪ್ರತಿ ಸಲ ಕ್ರಾಸ್‌ಮ್ಯಾಚ್ ಸ್ಯಾಂಪಲ್‌ಗೆ ಒಂದು ಸೂಜಿ, ರಕ್ತ ಹಾಕೋ ಕ್ಯಾನುಲಾಗೆ ಇನ್ನೊಂದು. ಚಿಕ್ಕವನಿದ್ದಾಗ ಇವನು ವಾರ್ಡಿನಲ್ಲೇ ಹೀರೋ. ಕಾರ್ಟೂನ್ ನೋಡ್ತಾ ಕೈ ಚಾಚೋನು, ಸಿಸ್ಟರ್‌ಗಳಿಗೆಲ್ಲ ಅಚ್ಚುಮೆಚ್ಚು. ಹದಿನಾಲ್ಕು ದಾಟ್ತಿದ್ದಂಗೆ ಎಲ್ಲಾ ತಿರುಗಿಬಿತ್ತು. ಶನಿವಾರದ ಆಸ್ಪತ್ರೆಗೆ ಬುಧವಾರದಿಂದಲೇ ನಿದ್ದೆ ಹೋಗೋದು. ಟ್ರೈನು ಯಶವಂತಪುರ ಹತ್ತಿರ ಬರ್ತಿದ್ದಂಗೆ ವಾಂತಿ. ಒಂದು ಶನಿವಾರ ಮನೆ ಬಾಗಿಲಲ್ಲೇ ಕೂತುಬಿಟ್ಟ. "ಬರಲ್ಲ ಕಣೇ ಅಕ್ಕ, ಏನಾದ್ರೂ ಮಾಡ್ಕೊಳ್ಳಿ." ಅಮ್ಮ ಬೈದ್ರು, ಆಮೇಲೆ ಅತ್ರು, ಆಮೇಲೆ ಕೈ ಮುಗಿದ್ರು. ಹದಿನಾಲ್ಕು ವರ್ಷದ ಮಗನಿಗೆ ಅಮ್ಮ ಕೈ ಮುಗಿಯೋದನ್ನ ನಾನು ಮತ್ತೆ ನೋಡೋಕೆ ಇಷ್ಟಪಡಲ್ಲ.

"ಹತ್ತು ವರ್ಷದಿಂದ ಚುಚ್ಚಿಸ್ಕೊಂಡೋನಿಗೆ ಈಗ ಹೊಸದಾಗಿ ಏನು ಭಯ?" ಅಂತ ನೆಂಟರು ಕೇಳೋರು. ನಾನೂ ಮನಸ್ಸಲ್ಲಿ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಭಯ ಹಾಗೆ ಕೆಲಸ ಮಾಡೋದಿಲ್ಲ. ಮೆದುಳು ಪ್ರತಿ ಸಲದ ನೋವನ್ನ ಅದರ ಸುತ್ತಮುತ್ತಲಿನ ವಸ್ತುಗಳ ಜೊತೆ ಗಂಟು ಹಾಕ್ತಾ ಹೋಗತ್ತೆ. ಸ್ಪಿರಿಟ್ ವಾಸನೆ, ಆ ಕಾರಿಡಾರಿನ ಟ್ಯೂಬ್‌ಲೈಟು, ಟ್ರೈನಿನ ಆ ಸ್ಟೇಷನ್. ಕೊನೆಗೆ ಸೂಜಿಯೇ ಬೇಡ, ಸ್ಟೇಷನ್ ಸಾಕು, ಎದೆ ಹೊಡೆದುಕೊಳ್ಳೋಕೆ ಶುರುವಾಗತ್ತೆ. ಇದಕ್ಕೆ ನಿರೀಕ್ಷೆಯ ಆತಂಕ ಅಂತಾರೆ, ಅಂದ್ರೆ ಘಟನೆಗಿಂತ ಮುಂಚೆಯೇ ಬರೋ ಆತಂಕ.

ಇದರಲ್ಲೊಂದು ಕ್ರೂರ ಸುತ್ತು ಇದೆ. ಹೆದರಿದಾಗ ಅಡ್ರಿನಲಿನ್ ಏರತ್ತೆ, ಕೈಕಾಲು ತಣ್ಣಗಾಗತ್ತೆ, ಚರ್ಮದ ಹತ್ತಿರದ ರಕ್ತನಾಳಗಳು ಕುಗ್ಗತ್ತೆ. ನಾಳ ಕುಗ್ಗಿದ್ರೆ ಸಿಸ್ಟರ್‌ಗೆ ವೇಯ್ನ್ ಸಿಗಲ್ಲ. ಎರಡನೇ ಸಲ ಚುಚ್ಚಬೇಕು, ಮೂರನೇ ಸಲ ಚುಚ್ಚಬೇಕು. ಮುಂದಿನ ಸಲ ಭಯ ಇನ್ನೂ ಹೆಚ್ಚು. ಅಂದ್ರೆ ಆತಂಕ ಬರೀ ಮನಸ್ಸಿನ ವಿಚಾರ ಅಲ್ಲ, ಅದು ಕ್ಯಾನುಲಾ ಕೂರತ್ತೋ ಇಲ್ವೋ ಅನ್ನೋದನ್ನೂ ನಿರ್ಧಾರ ಮಾಡತ್ತೆ.

ಹದಿಹರೆಯದಲ್ಲೇ ಯಾಕೆ? ಆ ವಯಸ್ಸಿನ ದೊಡ್ಡ ಆಸೆ ಅಂದ್ರೆ "ನನ್ನ ವಿಷಯ ನಾನು ನೋಡ್ಕೋತೀನಿ" ಅನ್ನೋದು. ಕಾಯಿಲೆ ಅದನ್ನೇ ಕಿತ್ಕೊಳ್ಳತ್ತೆ. ಯಾವತ್ತು ಆಸ್ಪತ್ರೆ, ಯಾವ ಕೈ, ಏನು ತಿನ್ನಬೇಕು, ಎಲ್ಲಾ ಬೇರೆಯವರದೇ ತೀರ್ಮಾನ. ಥಲಸ್ಸೀಮಿಯಾದಲ್ಲಿ ಇನ್ನೊಂದು ವಿಷಯ ಇದೆ. ಕಬ್ಬಿಣ ಪಿಟ್ಯುಟರಿ ಗ್ರಂಥಿಯಲ್ಲಿ ಸೇರಿದ್ರೆ ಬೆಳವಣಿಗೆ ನಿಧಾನ ಆಗತ್ತೆ. ಕ್ಲಾಸಲ್ಲಿ ಎಲ್ಲರಿಗೂ ಮೀಸೆ ಚಿಗುರಿದಾಗ ಇವನು ಇನ್ನೂ ಏಳನೇ ಕ್ಲಾಸ್ ಹುಡುಗನ ಥರ ಕಾಣೋನು. ಅದನ್ನ ಯಾರ ಹತ್ರ ಹೇಳ್ಕೊಳ್ತಾನೆ? ಅಕ್ಕನ ಹತ್ರವಂತೂ ಅಲ್ಲ.

ಈಗ ನಾನು ಮಾಡಿದ ಎಡವಟ್ಟು ಕೇಳಿ. ನಾನು ಆಡಿಯೋ ಲೋಕದಲ್ಲಿ ಕೆಲಸ ಮಾಡೋಳು, ಸೌಂಡ್ ಬಗ್ಗೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅನ್ನೋ ಜಂಭ. ಇವನಿಗೆ ಪ್ರಾಣ ಅನ್ನೋ ಥರ ಇದ್ದ ಹತ್ತು ಹಾಡು ಹುಡುಕಿ ಪ್ಲೇಲಿಸ್ಟ್ ಮಾಡಿದೆ. ಒಳ್ಳೇ ಹೆಡ್‌ಫೋನ್ ತಂದುಕೊಟ್ಟೆ. ಸೂಜಿ ಹಾಕೋವಾಗ ಜೋರಾಗಿ ಹಾಕಿಬಿಡು ಅಂದೆ. ಮೊದಲನೇ ಸಲ ಪರವಾಗಿಲ್ಲ ಅನ್ನಿಸ್ತು. ನಾಲ್ಕನೇ ಸಲದ ಹೊತ್ತಿಗೆ ಏನಾಯ್ತು ಗೊತ್ತಾ? ಮನೆಯಲ್ಲಿ ಟಿವಿಯಲ್ಲಿ ಅದರಲ್ಲೊಂದು ಹಾಡು ಬಂತು. ಇವನು ಊಟ ಬಿಟ್ಟು ಎದ್ದು ಹೋದ. "ಆ ಹಾಡಿಗೆ ಈಗ ಸ್ಪಿರಿಟ್ ವಾಸನೆ ಬರತ್ತೆ" ಅಂದ. ಭಯವನ್ನ ಹಾಡಿನಿಂದ ಅಳಿಸೋಕೆ ಹೋಗಿ, ನಾನು ಹಾಡಿಗೂ ಭಯ ಅಂಟಿಸಿದ್ದೆ. ಅವನಿಗಿದ್ದ ಒಂದು ಖುಷಿಯ ಜಾಗವನ್ನೂ ಆಸ್ಪತ್ರೆ ಮಾಡಿಬಿಟ್ಟಿದ್ದೆ.

ಮ್ಯೂಸಿಕ್ ಥೆರಪಿ ಅಂದ್ರೇನು ಅನ್ನೋದನ್ನ ಇಲ್ಲಿಂದ ಶುರು ಮಾಡೋಣ. ಈ ಕ್ಷೇತ್ರದೋರು ಎರಡು ವಿಷಯಗಳನ್ನ ಬೇರೆ ಬೇರೆಯಾಗಿ ನೋಡ್ತಾರೆ. ರೋಗಿಗೆ ರೆಕಾರ್ಡ್ ಮಾಡಿದ ಸಂಗೀತ ಕೇಳಿಸೋದು ಒಂದು. ಅದನ್ನ ಮ್ಯೂಸಿಕ್ ಮೆಡಿಸಿನ್ ಅಂತ ಕರೀತಾರೆ, ನರ್ಸ್ ಕೂಡ ಮಾಡಬಹುದು. ಮ್ಯೂಸಿಕ್ ಥೆರಪಿ ಇನ್ನೊಂದು. ಅಲ್ಲಿ ತರಬೇತಾದ ಥೆರಪಿಸ್ಟ್ ಇರ್ತಾರೆ, ಆ ವ್ಯಕ್ತಿಯ ತೊಂದರೆ ಏನು ಅಂತ ಮೊದಲು ನೋಡ್ತಾರೆ, ಒಂದು ಗುರಿ ಇಟ್ಕೋತಾರೆ. ಹಾಡೋದು, ನುಡಿಸೋದು, ಹಾಡು ಕಟ್ಟೋದು ಎಲ್ಲಾ ಆ ಗುರಿ ಕಡೆಗೆ. ಸಂಗೀತದಷ್ಟೇ ಆ ಇಬ್ಬರ ಮಧ್ಯೆ ಬೆಳೆಯೋ ನಂಟೂ ಕೆಲಸ ಮಾಡತ್ತೆ. ವೃತ್ತಿಯಾಗಿ ಇದು ಬೆಳೆದಿದ್ದು ಅಮೆರಿಕದಲ್ಲಿ, ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಆಸ್ಪತ್ರೆಗಳಲ್ಲಿ. 1944ರಲ್ಲಿ ಮಿಶಿಗನ್ ಸ್ಟೇಟ್‌ನಲ್ಲಿ ಮೊದಲ ಪದವಿ ಕೋರ್ಸ್ ಶುರುವಾಯ್ತು.

ನಮ್ಮ ಅದೃಷ್ಟಕ್ಕೆ, ತಮ್ಮ ಹೋಗೋ ಮಕ್ಕಳ ಡೇ ಕೇರ್‌ಗೆ ಶನಿವಾರ ಶನಿವಾರ ಒಬ್ಬರು ಮ್ಯೂಸಿಕ್ ಥೆರಪಿಸ್ಟ್ ಬರೋಕೆ ಶುರು ಮಾಡಿದ್ರು. ಸೈಕಾಲಜಿ ಓದಿ ಆಮೇಲೆ ಮ್ಯೂಸಿಕ್ ಥೆರಪಿಯಲ್ಲಿ ಡಿಪ್ಲೊಮಾ ಮಾಡಿದೋರು. ನಾವೆಲ್ಲ ಅವರನ್ನ ಮ್ಯಾಮ್ ಅಂತೀವಿ. ಒಂದು ಗಿಟಾರು, ಕೂತು ಬಡಿಯೋ ಮರದ ಪೆಟ್ಟಿಗೆ ಡ್ರಮ್ಮು, ಒಂದಷ್ಟು ಗಿಲಕಿ, ಒಂದು ಟ್ಯಾಬ್. ಮೊದಲು ನಾನು ಗಮನಿಸಿದ್ದು, ಪ್ರತಿ ಮಗುವಿನ ಕೈಗೆ ಹೋಗೋ ಮುಂಚೆ ಪ್ರತಿ ವಾದ್ಯವನ್ನೂ ಔಷಧ ಹಾಕಿ ಒರೆಸ್ತಿದ್ರು. ಥಲಸ್ಸೀಮಿಯಾ ಇರೋ ಕೆಲವು ಮಕ್ಕಳಿಗೆ ಸ್ಪ್ಲೀನ್ ತೆಗೆದಿರ್ತಾರೆ, ಅವರಿಗೆ ಸೋಂಕು ತಗುಲಿದ್ರೆ ಬಹಳ ಅಪಾಯ.

ತಮ್ಮ ಅವರ ಕಡೆ ತಿರುಗಿಯೂ ನೋಡಲಿಲ್ಲ. ಅಮ್ಮ ಪಕ್ಕದಿಂದ, "ಒಂದು ದೇವರ ನಾಮ ಹಾಡಿಸಿ ಮೇಡಂ, ಮನಸ್ಸಿಗೆ ನೆಮ್ಮದಿ" ಅಂದ್ರು. ಮ್ಯಾಮ್ ನಕ್ಕು, ಅಮ್ಮನಿಗೆ ಹೊರಗೆ ಕಾಫಿ ಕುಡಿದು ಬರೋಕೆ ಹೇಳಿದ್ರು. ಆಮೇಲೆ ಇವನನ್ನ ಕೇಳಿದ ಮೊದಲ ಪ್ರಶ್ನೆ: "ನಾನು ಏನನ್ನ ನುಡಿಸಬಾರದು?"

ಅವನು ತಲೆ ಎತ್ತಿದ. ಆ ವಾರ್ಡಿನಲ್ಲಿ ಬೇಡ ಅನ್ನೋ ಅಧಿಕಾರವನ್ನ ಯಾರೂ ಅವನಿಗೆ ಕೊಟ್ಟಿರಲಿಲ್ಲ. ದೊಡ್ಡ ಪಟ್ಟಿ ಹೇಳಿದ. ಭಜನೆ ಬೇಡ, ಬಾನ್ಸುರಿ ಬೇಡ, ನೀರು ಹರಿಯೋ ಸದ್ದು ಬೇಡವೇ ಬೇಡ, ಅಕ್ಕನ ಪ್ಲೇಲಿಸ್ಟ್ ಬೇಡ. (ಇದನ್ನ ಎಡಿಟ್ ಮಾಡಿ ತೆಗೀಬಹುದಿತ್ತು, ತೆಗೀಲಿಲ್ಲ.) "ಸರಿ, ನಾನು ನಿಲ್ಲಿಸಬೇಕು ಅಂದ್ರೆ ಒಂದು ಬೆರಳು ಎತ್ತು" ಅಂದ್ರು. ಐದು ಸಲ ಎತ್ತಿದ. ಐದು ಸಲವೂ ತಕ್ಷಣ ನಿಲ್ಲಿಸಿದ್ರು. ಆರನೇ ಸಲ ಎತ್ತಲಿಲ್ಲ.

ಕೇಳೋರಿಗೆ ಇದು ಆಟ ಅನ್ನಿಸಬಹುದು. ಆದ್ರೆ ಮೊದಲ ಕೆಲಸವೇ ಹತೋಟಿಯನ್ನ ಅವನ ಕೈಗೆ ವಾಪಸ್ ಕೊಡೋದು.

ಎರಡನೇ ಕೆಲಸ, ಅವನು ಇದ್ದಲ್ಲಿಗೇ ಹೋಗೋದು. ಇದಕ್ಕೆ ಐಸೊ ತತ್ವ ಅಂತ ಹೆಸರು. 1940ರ ದಶಕದಲ್ಲಿ ಇರಾ ಆಲ್ಟ್‌ಶುಲರ್ ಅನ್ನೋ ಅಮೆರಿಕದ ಮನೋವೈದ್ಯ ಇದನ್ನ ವಿವರಿಸಿದ್ರು. ಸಿಟ್ಟಲ್ಲಿ ಕುದೀತಿರೋನಿಗೆ ಮೆಲುವಾದ ಸಂಗೀತ ಹಾಕಿದ್ರೆ ಅವನಿಗೆ ಇನ್ನೂ ರೇಗತ್ತೆ. "ಶಾಂತವಾಗಿರು" ಅಂತ ಹೇಳಿದಾಗ ನಮಗೆ ರೇಗಲ್ವಾ, ಹಾಗೆ. ಅದರ ಬದಲು ಅವನ ಈಗಿನ ಮನಸ್ಥಿತಿಗೆ ಹೊಂದೋ ಸಂಗೀತದಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ವೇಗ, ಸದ್ದು, ಭಾವ ಬದಲಾಯಿಸ್ತಾ ಹೋಗಬೇಕು. ತಮ್ಮನಿಗೆ ಇಷ್ಟ ಕನ್ನಡ ರ‍್ಯಾಪ್. ಮ್ಯಾಮ್ ಪೆಟ್ಟಿಗೆ ಮೇಲೆ ನಿಮಿಷಕ್ಕೆ 120 ಬಡಿತದ ಹತ್ತಿರ ಶುರು ಮಾಡಿದ್ರು, ಇವನ ಎದೆ ಹೊಡ್ಕೊಳ್ತಿದ್ದ ವೇಗ ಹತ್ತಿರ ಹತ್ತಿರ ಅಷ್ಟೇ ಇತ್ತು. ಇವನು ಮಂಚದ ಕಂಬಿ ಮೇಲೆ ಬೆರಳಿಂದ ಉತ್ತರ ಕೊಡೋಕೆ ಶುರು ಮಾಡಿದ. ಹದಿನೈದು ನಿಮಿಷದಲ್ಲಿ ಆ ತಾಳ ಯಾವಾಗ ಇಳೀತು ಅಂತ ನನಗೂ ಗೊತ್ತಾಗಲಿಲ್ಲ. 70ರ ಸುಮಾರಿಗೆ ಬಂದಿತ್ತು. ಆಮೇಲೆ ಇಬ್ಬರೂ ಬಾಯಿ ಮುಚ್ಚಿ "ಮ್ಮ್ಮ್" ಅಂತ ಗುನುಗ್ತಿದ್ರು.

ಆ ಗುನುಗೋದರಲ್ಲೇ ದೇಹದ ಲೆಕ್ಕ ಇದೆ. ಗುನುಗೋವಾಗ ಉಸಿರು ಬಿಡೋ ಹೊತ್ತು ಉದ್ದ ಆಗತ್ತೆ. ಉಸಿರನ್ನ ನಿಧಾನವಾಗಿ, ಉದ್ದವಾಗಿ ಬಿಟ್ಟಾಗ ವೇಗಸ್ ನರ ಚುರುಕಾಗಿ ಹೃದಯದ ಬಡಿತ ತಗ್ಗತ್ತೆ. "ದೀರ್ಘ ಉಸಿರು ತಗೋ" ಅಂತ ನೇರವಾಗಿ ಹೇಳಿದ್ರೆ ಹೆದರಿದ ಹುಡುಗ ಮಾಡಲ್ಲ. ಹಾಡಿನ ನೆಪದಲ್ಲಿ ತಾನಾಗೇ ಮಾಡ್ತಾನೆ. ಇನ್ನೊಂದು, ಗಮನ. ನಮ್ಮ ಗಮನಕ್ಕೆ ಮಿತಿ ಇದೆ. ತಾಳ ತಪ್ಪಿಸದೆ ಬಡಿಯೋಕೆ ಅರ್ಧ ಮೆದುಳು ಬೇಕು, ನೋವನ್ನ ಕಾಯೋಕೆ ಉಳಿಯೋದು ಕಡಿಮೆ. ನೋವಿನ ಸಂದೇಶ ಮೆದುಳಿಗೆ ಹೋಗೋ ದಾರಿಯಲ್ಲೇ ಗೇಟಿನ ಥರ ತೆರೆದು ಮುಚ್ಚಬಹುದು ಅಂತ ರೊನಾಲ್ಡ್ ಮೆಲ್‌ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲೇ ಹೇಳಿದ್ರು. ಭಯ ಆ ಗೇಟನ್ನ ಅಗಲ ಮಾಡತ್ತೆ, ಗಮನ ಬೇರೆ ಕಡೆ ಇದ್ರೆ ಕಿರಿದಾಗತ್ತೆ. ಮೂರನೇದು ಖುಷಿ. ಇಷ್ಟದ ಹಾಡಿನ ಇಷ್ಟದ ಜಾಗ ಬರ್ತಿದೆ ಅನ್ನೋವಾಗಲೇ ಮೆದುಳಲ್ಲಿ ಡೋಪಮಿನ್ ಬಿಡುಗಡೆ ಆಗತ್ತೆ ಅಂತ 2011ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು ಸ್ಕ್ಯಾನ್ ಮಾಡಿ ತೋರಿಸಿದ್ರು. ಯೋಚನೆ ಮಾಡಿ, ಸೂಜಿ ಬರ್ತಿದೆ ಅಂತ ಕಾಯ್ತಿದ್ದ ಮೆದುಳಿಗೆ ಕಾಯೋಕೆ ಬೇರೊಂದು ಒಳ್ಳೇ ವಿಷಯ ಸಿಗತ್ತೆ.

ನನ್ನ ಪ್ಲೇಲಿಸ್ಟ್ ಯಾಕೆ ಸೋತಿತು ಅಂತ ಮ್ಯಾಮ್ ಹತ್ರ ಕೇಳಿದೆ. ನಾನು ಸೂಜಿ ಚುಚ್ಚೋ ಕ್ಷಣಕ್ಕೆ ಸರಿಯಾಗಿ ಹಾಡು ಹಾಕ್ತಿದ್ದೆ, ಹಾಗಾಗಿ ಹಾಡು ಸೂಜಿಯ ಸೈರನ್ ಆಯ್ತು ಅಂದ್ರು. ಅವರು ಅರ್ಧ ಗಂಟೆ ಮುಂಚೆ ಶುರು ಮಾಡಿ, ಕ್ಯಾನುಲಾ ಕೂತ ಮೇಲೂ ತುಂಬಾ ಹೊತ್ತು ಮುಂದುವರಿಸ್ತಾರೆ. ಅದೂ ಮನೆಯಲ್ಲಿ ಇವನು ಪ್ರಾಣ ಬಿಡೋ ಹಾಡುಗಳನ್ನ ಮುಟ್ಟೋದೇ ಇಲ್ಲ. ಆಸ್ಪತ್ರೆಗೆ ಅಂತಲೇ ಬೇರೆ ಸಂಗೀತ, ಅಲ್ಲೇ ಹುಟ್ಟಿದ್ದು, ಅಲ್ಲೇ ಬಿಟ್ಟು ಬರೋದು.

ಈಗ ಮಾತ್ರೆ ವಿಷಯ.

ಐದಾರು ತಿಂಗಳಾದ ಮೇಲೆ ಹಾಡು ಕಟ್ಟೋ ಕೆಲಸ ಶುರುವಾಯ್ತು. ಮ್ಯೂಸಿಕ್ ಥೆರಪಿಯಲ್ಲಿ ಹದಿಹರೆಯದವರ ಜೊತೆ ತುಂಬಾ ಬಳಸೋ ವಿಧಾನ ಇದು. ನೇರವಾಗಿ "ಹೇಗನ್ಸತ್ತೆ?" ಅಂತ ಕೇಳಿದ್ರೆ "ಏನೂ ಇಲ್ಲ" ಅನ್ನೋ ಹುಡುಗ, ಪ್ರಾಸ ಹುಡುಕ್ತಾ ಹುಡುಕ್ತಾ ಇಡೀ ಹೊಟ್ಟೆಯಲ್ಲಿರೋದನ್ನ ಹೊರಗೆ ಹಾಕಿಬಿಡ್ತಾನೆ. ಹಾಡಿನೊಳಗೆ ಹೇಳಿದ್ರೆ ಅದು ಪಾತ್ರ ಹೇಳಿದ ಮಾತು, ನಾನಲ್ಲ ಅನ್ನೋ ಅವಕಾಶ ಇರತ್ತಲ್ಲ. ಇವನು ಬರೆದ ರ‍್ಯಾಪ್‌ನ ಮೊದಲ ಸಾಲು ಕೇಳಿಸ್ತೀನಿ, ಅವನದೇ ದನಿ:

"ಮೈ ತುಂಬಾ ಕಬ್ಬಿಣ, ತೂಕಕ್ಕೆ ಹಾಕಿದ್ರೂ ಗುಜರಿಯವನು ಕೊಳ್ಳಲ್ಲ..."

ವಾರ್ಡೆಲ್ಲಾ ನಕ್ಕಿತ್ತು. ಸಿಸ್ಟರ್ ಒಬ್ಬರು ವಾಟ್ಸಾಪ್ ಸ್ಟೇಟಸ್‌ಗೆ ಹಾಕ್ಕೋಬಹುದಾ ಅಂತ ಕೇಳಿದ್ರು. ಅದರ ಎರಡನೇ ಭಾಗ ನಾನು ಇಲ್ಲಿ ಕೇಳಿಸಲ್ಲ, ಅದರಲ್ಲಿ ಒಂದು ತುಳಸಿ ಕಟ್ಟೆ ಬರತ್ತೆ. ದಿನಾ ಬೆಳಿಗ್ಗೆ ಬಿಳಿ ನೀರು ಕುಡಿಯೋ ತುಳಸಿ.

ಮ್ಯಾಮ್‌ಗೆ ತಕ್ಷಣ ಹೊಳೀತು. ಸುಮಾರು ಹತ್ತು ತಿಂಗಳಿಂದ ಇವನು ಮಾತ್ರೆ ಕುಡೀತಿರಲಿಲ್ಲ, ತುಳಸಿ ಗಿಡಕ್ಕೆ ಸುರೀತಿದ್ದ. ಅದೇ ಅವಧಿಯಲ್ಲಿ ಅವನ ಫೆರಿಟಿನ್, ಅಂದ್ರೆ ಕಬ್ಬಿಣದ ದಾಸ್ತಾನು ಸೂಚಿಸೋ ರಕ್ತಪರೀಕ್ಷೆಯ ಅಂಕಿ, 2,400ರಿಂದ 4,600ಕ್ಕೆ ಏರಿತ್ತು. 1,000ದ ಆಸುಪಾಸು ಇರಲಿ ಅಂತ ಡಾಕ್ಟರುಗಳು ಬಯಸ್ತಾರೆ. ಡೋಸ್ ಸಾಲ್ತಿಲ್ಲ ಅಂತ ಡಾಕ್ಟರು ಅದನ್ನ ಹೆಚ್ಚಿಸ್ತಾನೇ ಇದ್ರು, ತುಳಸಿಗೂ ಹೆಚ್ಚು ಸಿಗ್ತಾನೇ ಇತ್ತು. ಥಲಸ್ಸೀಮಿಯಾದಲ್ಲಿ ಜೀವ ತೆಗೆಯೋದು ಹೆಚ್ಚಾಗಿ ರಕ್ತದ ಕೊರತೆ ಅಲ್ಲ, ಹೃದಯದಲ್ಲಿ ಸೇರಿದ ಕಬ್ಬಿಣ. ಮಾತ್ರೆ ಬಿಡೋದು ಜಾಸ್ತಿ ಕಂಡುಬರೋದೂ ಈ ಹದಿಹರೆಯದಲ್ಲೇ.

ಮೊದಲ ದಿನವೇ ಮ್ಯಾಮ್ ಅವನಿಗೊಂದು ಮಾತು ಹೇಳಿದ್ರಂತೆ: ಇಲ್ಲಿ ಹೇಳಿದ್ದು ಇಲ್ಲೇ ಇರತ್ತೆ, ನಿನ್ನ ಜೀವಕ್ಕೆ ಅಪಾಯ ಆಗೋ ವಿಷಯ ಬಿಟ್ಟು. ಇದು ಆ ವಿಷಯ. ಅವರು ನಮ್ಮ ಹತ್ರ ಓಡಿ ಬಂದು ಹೇಳಲಿಲ್ಲ. ಅವನಿಗೇ ಕೇಳಿದ್ರು, "ಡಾಕ್ಟರಿಗೆ ಗೊತ್ತಾಗಲೇಬೇಕು. ನೀನು ಹೇಳ್ತೀಯಾ, ನಾನು ಹೇಳ್ಲಾ, ಇಬ್ಬರೂ ಸೇರಿ ಹೇಳೋಣ್ವಾ?" ಇವನು ಡಾಕ್ಟರ ಎದುರು ಇಡೀ ರ‍್ಯಾಪ್ ಹೇಳಿದ. ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ಯಾಕೆ ಕುಡೀತಿಲ್ಲ ಅಂತ ಕೇಳಿದ್ರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿದ್ರೆ ಕಾಲೇಜ್ ಬಸ್ಸಲ್ಲಿ ಹೊಟ್ಟೆ ತೊಳೆಸತ್ತೆ, ಎಲ್ಲರೆದುರು ವಾಂತಿ ಆಗತ್ತೆ ಅನ್ನೋ ಭಯ ಅಂದ. ಅಷ್ಟೇ ಕಾರಣ! ಹೊತ್ತು ಬದಲಾಯಿಸಿ ರಾತ್ರಿಗೆ ಇಟ್ರು. ಅದೇ ತಿಂಗಳು ಎಂಆರ್‌ಐ ಮಾಡಿಸಿದಾಗ ಹೃದಯದ ಟಿ2 ಸ್ಟಾರ್ ಅಂಕಿ 18 ಬಂತು. 20ಕ್ಕಿಂತ ಕಡಿಮೆ ಅಂದ್ರೆ ಹೃದಯದಲ್ಲಿ ಕಬ್ಬಿಣ ಕೂರೋಕೆ ಶುರುವಾಗಿದೆ ಅಂತ. ಶುರುವಿನಲ್ಲೇ ಸಿಕ್ಕಿತು. ಇನ್ನೊಂದು ವರ್ಷ ತುಳಸಿಗೇ ಹೋಗಿದ್ರೆ? ನಾನು ಆ ಯೋಚನೆಯನ್ನ ಅಲ್ಲಿಗೇ ನಿಲ್ಲಿಸ್ತೀನಿ. ಅಂದ ಹಾಗೆ, ತುಳಸಿ ಬದುಕಿದೆ.

ಇದು ನಮ್ಮನೆ ಕತೆ. ಒಂದು ಮನೆಯ ಕತೆ ಪುರಾವೆ ಅಲ್ಲ, ಹಾಗಾಗಿ ಸಂಶೋಧನೆ ಏನು ಹೇಳತ್ತೆ ನೋಡೋಣ.

ಕೊಕ್ರೇನ್ ಅಂತ ಒಂದು ಸಂಸ್ಥೆ ಇದೆ, ವೈದ್ಯಕೀಯ ಅಧ್ಯಯನಗಳನ್ನ ಒಟ್ಟು ಸೇರಿಸಿ ಜರಡಿ ಹಿಡಿಯೋರು. ಕ್ಯಾನ್ಸರ್ ಇರೋರಿಗೆ ಸಂಗೀತದಿಂದ ಏನಾಗತ್ತೆ ಅಂತ 2021ರಲ್ಲಿ 81 ಅಧ್ಯಯನ, 5,576 ಜನರ ಮಾಹಿತಿ ಸೇರಿಸಿ ನೋಡಿದ್ರು. ದೊಡ್ಡವರಲ್ಲಿ ಆತಂಕ ಗಣನೀಯವಾಗಿ ಇಳಿಯಬಹುದು ಅಂತ ಕಂಡುಬಂತು. ಆದ್ರೆ ಆ 81ರಲ್ಲಿ ಮಕ್ಕಳ ಮೇಲೆ ಮಾಡಿದ್ದು ಬರೀ 7. ಹಾಗಾಗಿ "ಮಕ್ಕಳಿಗೂ ಖಂಡಿತ ಆಗತ್ತೆ" ಅಂತ ಯಾರಾದ್ರೂ ಎದೆ ತಟ್ಟಿ ಹೇಳಿದ್ರೆ ಸ್ವಲ್ಪ ಅನುಮಾನ ಪಡಿ.

ಹದಿಹರೆಯದವರ ಮೇಲೇ ನಡೆದ ಒಂದು ಒಳ್ಳೇ ಅಧ್ಯಯನ ಇದೆ. ಅಮೆರಿಕದ ಶೆರಿ ರಾಬ್ ಅನ್ನೋ ಮ್ಯೂಸಿಕ್ ಥೆರಪಿಸ್ಟ್ ಮತ್ತು ಅವರ ತಂಡದ್ದು, 2014ರಲ್ಲಿ ಪ್ರಕಟವಾಯ್ತು. ಸ್ಟೆಮ್ ಸೆಲ್ ಕಸಿಗೆ ಆಸ್ಪತ್ರೆ ಸೇರಿದ್ದ 11ರಿಂದ 24 ವರ್ಷದ 113 ಜನ. ಅರ್ಧ ಜನರಿಗೆ ಮೂರು ವಾರದಲ್ಲಿ ಆರು ಸೆಷನ್, ಅದರಲ್ಲಿ ತಮ್ಮದೇ ಹಾಡು ಬರೆದು, ಹಾಡಿ, ಅದಕ್ಕೆ ವಿಡಿಯೋ ಮಾಡೋದು. ಉಳಿದೋರಿಗೆ ಆಡಿಯೋ ಪುಸ್ತಕ. ವಿಡಿಯೋ ಮಾಡಿದ ಗುಂಪಿನಲ್ಲಿ ಕಾಯಿಲೆಯನ್ನ ಧೈರ್ಯವಾಗಿ ಎದುರಿಸೋ ರೀತಿ ಸುಧಾರಿಸಿತ್ತು. ನೂರು ದಿನ ಆದ ಮೇಲೆ ನೋಡಿದಾಗ ಸ್ನೇಹಿತರ ಜೊತೆಗಿನ ಒಡನಾಟ, ಮನೆಯ ವಾತಾವರಣ ಎರಡೂ ಇನ್ನೊಂದು ಗುಂಪಿಗಿಂತ ಚೆನ್ನಾಗಿತ್ತು. ನನಗೆ ಇದು ಸರಿಯಾಗಿ ಅರ್ಥ ಆಗತ್ತೆ. ಭಯ ಹೋಗಲಿಲ್ಲ. ಭಯದ ಜೊತೆ ಒಬ್ಬನೇ ಇದ್ದವನು ಈಗ ಒಬ್ಬನೇ ಇಲ್ಲ.

ಥೆರಪಿಸ್ಟ್ ಇಲ್ಲದೆಯೂ ಹೀಗೆ ದಾರಿ ಹುಡುಕಿಕೊಂಡೋರು ಇದ್ದಾರೆ. ಝಾಕ್ ಸೋಬಿಯೆಕ್ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಅಮೆರಿಕದ ಮಿನ್ನೆಸೋಟಾದ ಹುಡುಗ, 14ನೇ ವಯಸ್ಸಲ್ಲಿ ಮೂಳೆ ಕ್ಯಾನ್ಸರ್. ಉಳಿಯೋದು ಕಷ್ಟ ಅಂತ ಗೊತ್ತಾದಾಗ ಪತ್ರ ಬರೆಯೋ ಬದಲು ಹಾಡು ಬರೆದ. "ಕ್ಲೌಡ್ಸ್" ಅನ್ನೋ ಅವನ ಹಾಡು 2012ರ ಡಿಸೆಂಬರ್‌ನಲ್ಲಿ ಯೂಟ್ಯೂಬ್‌ಗೆ ಬಂತು. 2013ರ ಮೇ ತಿಂಗಳಲ್ಲಿ ಅವನು ತೀರಿಕೊಂಡ, 18 ವರ್ಷಕ್ಕೆ. ತಮ್ಮನಿಗೆ ಆ ಹಾಡು ಇಷ್ಟ ಇಲ್ಲ. "ಸಾಯೋ ಹುಡುಗರ ಹಾಡೇ ಯಾಕೆ ಕಳಿಸ್ತೀಯಾ?" ಅಂತ ನನಗೇ ಬೈದ. ಅವನು ಹೇಳೋದೂ ಸರಿ.

ಇನ್ನು ಸೋತ ದಿನಗಳು. ಇವೆ. ಒಂದು ಶನಿವಾರ ಮೂರು ಸಲ ಚುಚ್ಚಿದ್ರೂ ವೇಯ್ನ್ ಸಿಗಲಿಲ್ಲ. ಮ್ಯಾಮ್ ಗಿಟಾರ್ ಎತ್ತಿಕೊಂಡ್ರೆ ಇವನು ಬೆರಳಲ್ಲ, ಇಡೀ ಕೈ ಎತ್ತಿದ. ಅವರು ಗಿಟಾರ್ ಕೆಳಗಿಟ್ಟು ಪಕ್ಕದಲ್ಲಿ ಸುಮ್ಮನೆ ಕೂತ್ರು. ಅವತ್ತು ಸಂಗೀತವೇ ಇರಲಿಲ್ಲ. ಸೂಜಿ ಹಾಕೋ ಜಾಗಕ್ಕೆ ಮರಗಟ್ಟಿಸೋ ಕ್ರೀಮ್ ಹಚ್ಚೋದು, ಬಿಸಿನೀರಿನ ಚೀಲ ಇಟ್ಟು ನಾಳ ಅರಳಿಸೋದು, ಆತಂಕ ವಿಪರೀತ ಆದ್ರೆ ಸೈಕಾಲಜಿಸ್ಟ್ ಹತ್ರ ಹೋಗೋದು, ಇದೆಲ್ಲದರ ಜೊತೆಗೆ ಮ್ಯೂಸಿಕ್ ಥೆರಪಿ. ಅವುಗಳ ಬದಲಿಗೆ ಅಲ್ಲ. ಔಷಧದ ಬದಲಿಗಂತೂ ಅಲ್ಲವೇ ಅಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. "ಈ ರಾಗಕ್ಕೆ ಬಿಪಿ, ಆ ರಾಗಕ್ಕೆ ಶುಗರ್" ಅನ್ನೋ ಯೂಟ್ಯೂಬ್ ವಿಡಿಯೋಗಳು ನಮ್ಮ ಫ್ಯಾಮಿಲಿ ಗ್ರೂಪಿಗೆ ವಾರಕ್ಕೊಂದು ಬರತ್ತೆ. ನಮ್ಮ ರಾಗಗಳಿಗೆ ಮನಸ್ಸನ್ನ ಅಲುಗಾಡಿಸೋ ಶಕ್ತಿ ಇದೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದ್ರೆ ಮಾತ್ರೆ ಚೀಟಿ ಬರೆದ ಹಾಗೆ ಕಾಯಿಲೆಗೊಂದು ರಾಗ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ತರಬೇತಾದ ಥೆರಪಿಸ್ಟ್ ಯಾರೂ ನಿಮ್ಮ ಮುಖ ನೋಡದೆ ರಾಗ ಬರೆದುಕೊಡೋದಿಲ್ಲ. ಸಂಗೀತ ಮತ್ತು ಮೆದುಳಿನ ಬಗ್ಗೆ ಗಂಭೀರವಾದ ಕೆಲಸ ನಮ್ಮ ಬೆಂಗಳೂರಲ್ಲೇ ನಡೀತಿದೆ. ನಿಮ್ಹಾನ್ಸ್‌ನಲ್ಲಿ ಮ್ಯೂಸಿಕ್ ಕಾಗ್ನಿಷನ್ ಲ್ಯಾಬ್ ಇದೆ, ಅದನ್ನ ನಡೆಸೋ ಡಾ. ಶಾಂತಲಾ ಹೆಗಡೆ ನ್ಯೂರೋಸೈಕಾಲಜಿಸ್ಟ್, ಜೊತೆಗೆ ಹಿಂದೂಸ್ತಾನಿ ಗಾಯಕಿ. ತರಬೇತಿ ಬೇಕು ಅನ್ನೋರಿಗೆ ಪುದುಚೇರಿಯ ಶ್ರೀ ಬಾಲಾಜಿ ವಿದ್ಯಾಪೀಠದಲ್ಲಿ ಮ್ಯೂಸಿಕ್ ಥೆರಪಿಗೇ ಒಂದು ಕೇಂದ್ರ ಇದೆ. ಆದ್ರೆ ಜಿಲ್ಲಾ ಆಸ್ಪತ್ರೆ ಮಟ್ಟದಲ್ಲಿ ಕೇಳಿದ್ರೆ "ಹಾಗಂದ್ರೇನು?" ಅಂತಲೇ ಉತ್ತರ. ಹೋಗೋ ಮುಂಚೆ ಆ ವ್ಯಕ್ತಿ ಎಲ್ಲಿ ಓದಿದ್ದು, ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಎಷ್ಟು ದಿನ ಕೆಲಸ ಮಾಡಿದ್ದಾರೆ, ನಿಮ್ಮ ಡಾಕ್ಟರ ಜೊತೆ ಮಾತಾಡ್ತಾರಾ ಅಂತ ಕೇಳಿ. ಔಷಧ ನಿಲ್ಲಿಸಿ ಅಂದ್ರೆ ಎದ್ದು ಬನ್ನಿ.

ಥೆರಪಿಸ್ಟ್ ಸಿಗದ ಊರಲ್ಲಿ ಇದ್ದೀರಾ? ನೀವೇ ಮಾಡ್ಕೊಳ್ಳೋದನ್ನ ಥೆರಪಿ ಅನ್ನೋಕಾಗಲ್ಲ, ಆದ್ರೂ ಸ್ವಲ್ಪ ಉಪಯೋಗ ಆಗತ್ತೆ. ಪ್ರಾಣದ ಹಾಡುಗಳನ್ನ ಮನೆಗೆ ಬಿಡಿ, ಆಸ್ಪತ್ರೆಗೆ ಬೇರೆ ಪಟ್ಟಿ ಮಾಡಿ. ಮೊದಲ ಹಾಡು ಈಗ ನಿಮಗೆ ಹೇಗನ್ನಿಸ್ತಿದೆಯೋ ಹಾಗಿರಲಿ, ಸಿಟ್ಟಿದ್ರೆ ಸಿಟ್ಟಿನದು. ನಾಲ್ಕೈದು ಹಾಡಿನಲ್ಲಿ ನಿಧಾನಕ್ಕೆ ಇಳಿಸಿಕೊಂಡು ಬನ್ನಿ. ಸೂಜಿಗಿಂತ ಸಾಕಷ್ಟು ಮುಂಚೆ ಶುರು ಮಾಡಿ. ಒಂದು ಕಿವಿ ಖಾಲಿ ಇರಲಿ, ಸಿಸ್ಟರ್ ಏನು ಹೇಳ್ತಿದ್ದಾರೆ ಅಂತ ಕೇಳಿಸಬೇಕು. ಗುನುಗಿ, ಬೆರಳಲ್ಲಿ ತಾಳ ಹಾಕಿ, ಬರೀ ಕೇಳ್ತಾ ಮಲಗೋದಕ್ಕಿಂತ ಅದು ವಾಸಿ. ಅಪ್ಪ ಅಮ್ಮಂದಿರು ಕೇಳ್ತಿದ್ರೆ: ದಯವಿಟ್ಟು ಫೋನ್ ಅವರ ಕೈಗೇ ಕೊಡಿ.

ವಾಲ್ಯೂಮ್ ವಿಷಯ ಮಾತ್ರ ನಾನು ಬಿಡಲ್ಲ. ಕಬ್ಬಿಣ ತೆಗೆಯೋ ಔಷಧಗಳಿಂದ, ಅದರಲ್ಲೂ ಪಂಪ್ ಮೂಲಕ ಕೊಡೋ ಡೆಸ್ಫೆರಾಲ್‌ನಿಂದ, ಕೆಲವರ ಕಿವಿಗೆ ತೊಂದರೆ ಆಗಬಹುದು. ಅದಕ್ಕೇ ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸಿ ಅಂತಾರೆ. ಕ್ಯಾನ್ಸರ್‌ಗೆ ಕೊಡೋ ಸಿಸ್‌ಪ್ಲಾಟಿನ್, ಕೆಲವು ಆ್ಯಂಟಿಬಯೋಟಿಕ್‌ಗಳಿಗೂ ಈ ಗುಣ ಇದೆ. ಮಕ್ಕಳಿಗೆ ವಾರಕ್ಕೆ 40 ಗಂಟೆ, 75 ಡೆಸಿಬೆಲ್ ಮೀರದಿರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮಿತಿ ಹಾಕೋ ಅವಕಾಶ ಇರತ್ತೆ, ಹಾಕಿ. "ಜೋರಾಗಿ ಹಾಕಿಬಿಡು" ಅಂತ ಹೇಳಿದ್ದ ಅಕ್ಕ ನಾನೇ, ನೆನಪಿದೆಯಲ್ಲ? ಆಗ ನನಗೆ ಇದು ಗೊತ್ತಿರಲಿಲ್ಲ.

ಆತಂಕ ಕೈ ಮೀರಿದೆ, ನಿದ್ದೆ ಇಲ್ಲ, ಬದುಕೋದೇ ಬೇಡ ಅನ್ನಿಸ್ತಿದೆ ಅಂದ್ರೆ ಹಾಡಿಗೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ಉಚಿತ, ಹಗಲು ರಾತ್ರಿ ಇರತ್ತೆ, ಕನ್ನಡದಲ್ಲೇ ಮಾತಾಡಬಹುದು.

ತಮ್ಮ ಈಗ ಹೇಗಿದ್ದಾನೆ? ಹೋದ ತಿಂಗಳ ಫೆರಿಟಿನ್ 2,900. ಇಳೀತಿದೆ, ನಿಧಾನಕ್ಕೆ. ಯಶವಂತಪುರದ ಹತ್ತಿರ ಈಗಲೂ ಒಂದೊಂದು ಸಲ ಕಿಟಕಿ ಕಡೆ ತಿರುಗಿ ಸುಮ್ಮನಾಗ್ತಾನೆ. ವಾಂತಿ ಆಗಿ ಏಳು ತಿಂಗಳಾಯ್ತು. ಪಕ್ಕದ ಬೆಡ್ಡಿನ ಹನ್ನೊಂದು ವರ್ಷದ ಹುಡುಗಿಗೆ ಪೆಟ್ಟಿಗೆ ಬಡಿಯೋದು ಹೇಳಿಕೊಡ್ತಿದ್ದಾನೆ, ಅವಳು ಇವನಿಗಿಂತ ಚೆನ್ನಾಗಿ ಬಡೀತಾಳೆ ಅನ್ನೋದು ಸಿಸ್ಟರ್‌ಗಳ ತೀರ್ಪು.

ಮಾರ್ಚ್‌ಗೆ ಅವನಿಗೆ 18 ತುಂಬತ್ತೆ. ಆಗ ಮಕ್ಕಳ ಡೇ ಕೇರ್‌ನಿಂದ ದೊಡ್ಡವರ ವಾರ್ಡಿಗೆ ಹೋಗಬೇಕು. ಅಲ್ಲಿ ಮ್ಯೂಸಿಕ್ ಥೆರಪಿಸ್ಟ್ ಇಲ್ಲ. ನಾನು ಎರಡು ಸಲ ಹೋಗಿ ಕೇಳಿ ಬಂದಿದ್ದೀನಿ, ಅರ್ಜಿ ಕೊಡಿ ನೋಡೋಣ ಅಂದಿದ್ದಾರೆ. ಅರ್ಜಿ ಕೊಟ್ಟಿದ್ದೀನಿ. ಇವನು ಮಾತ್ರ ಒಂದು ಮರದ ಪೆಟ್ಟಿಗೆ ಡ್ರಮ್ ಕೊಡಿಸು ಅಂತ ದುಂಬಾಲು ಬಿದ್ದಿದ್ದಾನೆ. ಟ್ರೈನಲ್ಲಿ ಅದನ್ನ ಹೊತ್ಕೊಂಡು ಬರೋದು ಯಾರು ಅನ್ನೋದೊಂದೇ ಈಗ ನಮ್ಮನೆಯಲ್ಲಿ ನಡೀತಿರೋ ಚರ್ಚೆ.